ನೋಡ್ ಜಾಸ್ತಿ, ವೇಗ ಕಮ್ಮಿ: ಕ್ಲಸ್ಟರ್ ದೋಷ ಹುಡುಕುವ ಕೈಪಿಡಿ

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ವಿಭಾಗಕ್ಕೆ ಹೊಸ ಕ್ಲಸ್ಟರ್ ಬಂದಿದೆ, ಅಂದರೆ ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡಲು ತಂತಿಯಲ್ಲಿ ಜೋಡಿಸಿದ ಹದಿನಾರು ಕಂಪ್ಯೂಟರ್. ಒಂದೊಂದಕ್ಕೂ ನೋಡ್ ಅಂತ ಹೆಸರು. ಒಂದು ನೋಡ್‌ನಲ್ಲಿ ಓಪನ್‌ಫೋಮ್ (ದ್ರವ, ಗಾಳಿಯ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್) ಜಾಬ್ ಚೆನ್ನಾಗಿಯೇ ಓಡುತ್ತದೆ. ಎರಡಕ್ಕೆ ಹಾಕಿದರೆ ಸ್ವಲ್ಪ ಬೇಗ ಮುಗಿಯುತ್ತದೆ. ಎಂಟಕ್ಕೆ ಹಾಕಿದರೆ ಒಂದು ನೋಡ್‌ಗಿಂತಲೂ ನಿಧಾನ. ಮಾರಿದವರು ಲಿನ್‌ಪ್ಯಾಕ್ ಅನ್ನುವ ವೇಗ ಪರೀಕ್ಷೆಯ ಅಂಕಿ ತೋರಿಸಿ ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಸಾಫ್ಟ್‌ವೇರ್ ಕಡೆಯವರು ಹಾರ್ಡ್‌ವೇರ್ ನೋಡಿ ಅನ್ನುತ್ತಾರೆ. ಮಧ್ಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಸುಮ್ನೆ ಜಾಬ್ ಹಾಕುತ್ತಾ, ರದ್ದು ಮಾಡುತ್ತಾ ಕೂತಿರುತ್ತಾರೆ.

ಈ ಜಗಳ ಬಗೆಹರಿಯದೇ ಇರುವುದಕ್ಕೆ ಕಾರಣ ಒಂದೇ. ಎಷ್ಟು ವೇಗ ಬರಬೇಕಿತ್ತು ಅನ್ನುವ ಅಂಕಿ ಯಾರ ಕೈಯಲ್ಲೂ ಇಲ್ಲ. ಆ ಅಂಕಿ ಇಲ್ಲದಿದ್ದರೆ ‘ನಿಧಾನ’ ಅನ್ನುವುದು ಬರೀ ಅನಿಸಿಕೆ. ಆದ್ದರಿಂದ ಇಲ್ಲಿ ಪ್ರತಿ ಹಂತದಲ್ಲೂ ಮೊದಲು ಕಾಗದದ ಮೇಲೆ ಲೆಕ್ಕ, ಆಮೇಲೆ ಅಳತೆ. ಮೊದಲು ಒಂದು ನೋಡ್, ಆಮೇಲೆ ಎರಡು, ಕೊನೆಗೆ ಎಲ್ಲ. ಈ ಕ್ರಮ ತಪ್ಪಿಸಿ ನೇರ ಹದಿನಾರು ನೋಡ್‌ನಲ್ಲಿ ದೋಷ ಹುಡುಕಲು ಹೊರಟರೆ ವಾರಗಟ್ಟಲೆ ಹೋಗುತ್ತದೆ, ಏನೂ ಸಿಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಭಾಗಗಳನ್ನು ಜೋಡಿಸಿ ದೊಡ್ಡ ಲೆಕ್ಕ ಮಾಡಿಸುವುದು ಹೊಸ ವಿಷಯವೇನಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಅನ್ನುವ ಯಂತ್ರ ಕಟ್ಟಿದ್ದರು. ಇಂಟೆಲ್‌ನ 8086 ಮತ್ತು 8087 ಚಿಪ್‌ಗಳನ್ನು ಜೋಡಿಸಿ ಗಾಳಿಯ ಹರಿವಿನ ಸಮೀಕರಣ ಬಿಡಿಸುವ ಯಂತ್ರ ಅದು. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಪಿಸಿಗಳನ್ನು ಹತ್ತು ಮೆಗಾಬಿಟ್‌ನ ಈಥರ್ನೆಟ್‌ನಲ್ಲಿ ಕಟ್ಟಿ ಬಿಯೋವುಲ್ಫ್ ಅಂತ ಹೆಸರಿಟ್ಟರು. ಆ ಹತ್ತು ಮೆಗಾಬಿಟ್ ತಂತಿ ಸಾಲದೆ, ಎರಡೆರಡು ತಂತಿಗಳನ್ನು ಸೇರಿಸಿ ಒಂದೇ ದಾರಿಯಂತೆ ಬಳಸಬೇಕಾಯಿತು. ಅಂದರೆ ನೆಟ್‌ವರ್ಕ್ ತಕರಾರು ಈ ಬಗೆಯ ಯಂತ್ರಗಳಿಗೆ ಹುಟ್ಟಿನಿಂದಲೇ ಬಂದದ್ದು.

ಕಾಗದದ ಲೆಕ್ಕ

ಉದಾಹರಣೆಗೆ ಒಂದು ನೋಡ್ ತೆಗೆದುಕೊಳ್ಳೋಣ. ಎರಡು ಎಎಂಡಿ ಎಪಿಕ್ 7763 ಚಿಪ್. ತಲಾ 64 ಕೋರ್ (ಚಿಪ್ ಒಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಭಾಗ), ಮೂಲ ವೇಗ 2.45 ಗಿಗಾಹರ್ಟ್ಸ್. ಪ್ರತಿ ಕೋರ್ ಒಂದು ಗಡಿಯಾರದ ಬಡಿತಕ್ಕೆ 16 ಡಬಲ್ ಪ್ರಿಸಿಷನ್ (8 ಬೈಟ್‌ನ ಅಂಕಿಗಳ) ಲೆಕ್ಕ ಮಾಡಬಲ್ಲದು. 128 × 2.45 × 16, ಅಂದರೆ ಸುಮಾರು 5,018 ಗಿಗಾಫ್ಲಾಪ್ಸ್ (ಒಂದು ಗಿಗಾಫ್ಲಾಪ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ). ದರಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಬರುವುದು ಇದೇ ಅಂಕಿ.

ಈಗ ಮೆಮೊರಿ ನೋಡಿ. ಪ್ರತಿ ಚಿಪ್‌ಗೆ ಎಂಟು ಚಾನೆಲ್, ಅಂದರೆ ಮೆಮೊರಿಗೆ ಹೋಗುವ ಎಂಟು ದಾರಿ. ಡಿಡಿಆರ್4-3200 ಆದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 25.6 ಗಿಗಾಬೈಟ್. ಎರಡು ಚಿಪ್ ಸೇರಿ 409.6. ಅಳತೆಯಲ್ಲಿ ಇದರ ಐದನೇ ನಾಲ್ಕು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕರೆ ಸರಿ. ಸುಮಾರು 350 ಅಂತ ಇಟ್ಟುಕೊಳ್ಳಿ.

ದ್ರವ ಹರಿವಿನ ಸಾಫ್ಟ್‌ವೇರ್‌ಗಳು, ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್‌ಗಳು ಹೆಚ್ಚಿನ ಹೊತ್ತು ಮಾಡುವುದು ಸ್ಪಾರ್ಸ್ ಮ್ಯಾಟ್ರಿಕ್ಸ್ (ಬಹುಪಾಲು ಸೊನ್ನೆಗಳೇ ಇರುವ ಅಂಕಿಗಳ ಕೋಷ್ಟಕ) ಗುಣಾಕಾರ. ಅದರಲ್ಲಿ ಪ್ರತಿ ಅಂಕಿಗೆ 8 ಬೈಟ್, ಅದರ ಜಾಗ ಹೇಳುವ ಸೂಚಿಗೆ 4 ಬೈಟ್ ಓದಬೇಕು. ಅಷ್ಟು ಓದಿ ಮಾಡುವ ಲೆಕ್ಕ ಎರಡೇ: ಒಂದು ಗುಣಾಕಾರ, ಒಂದು ಕೂಡಿಕೆ. ಒಂದು ಲೆಕ್ಕಕ್ಕೆ ಆರು ಬೈಟ್ ಬಿತ್ತು. 350 ಅನ್ನು ಆರರಿಂದ ಭಾಗಿಸಿದರೆ 58 ಗಿಗಾಫ್ಲಾಪ್ಸ್. ದರಪಟ್ಟಿಯ 5,018ರಲ್ಲಿ ಇದು ನೂರಕ್ಕೆ ಒಂದು ಚಿಲ್ಲರೆ.

ಇದು ದೋಷವಲ್ಲ. ಯಂತ್ರದ ಸ್ವಭಾವವೇ ಹೀಗೆ. ಜಪಾನಿನ ಫುಗಾಕು ಸೂಪರ್‌ಕಂಪ್ಯೂಟರ್ 2020ರ ನವೆಂಬರ್‌ನ ಟಾಪ್500 (ಜಗತ್ತಿನ ಅತಿ ವೇಗದ 500 ಯಂತ್ರಗಳ) ಪಟ್ಟಿಯಲ್ಲಿ ಲಿನ್‌ಪ್ಯಾಕ್‌ನಲ್ಲಿ 442 ಪೆಟಾಫ್ಲಾಪ್ಸ್ ತೋರಿಸಿತು. ಎಚ್‌ಪಿಸಿಜಿ ಅನ್ನುವ, ನಮ್ಮ ಬಗೆಯ ಲೆಕ್ಕಕ್ಕೆ ಹತ್ತಿರವಾದ ಪರೀಕ್ಷೆಯಲ್ಲಿ ಅದೇ ಯಂತ್ರ ತೋರಿಸಿದ್ದು 16. ಆದ್ದರಿಂದ ಯಾರಾದರೂ ‘ಫ್ಲಾಪ್ಸ್ ಇಷ್ಟಿದೆ, ನಮ್ಮ ಕೋಡ್ ಅದರಲ್ಲಿ ಒಂದು ಪರ್ಸೆಂಟೂ ಮುಟ್ಟುತ್ತಿಲ್ಲ’ ಅಂತ ದೂರಿದರೆ, ಮೊದಲು ಈ ಭಾಗಾಕಾರ ಮಾಡಿ ತೋರಿಸಿ. ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಹಾಗಂತ ಲಿನ್‌ಪ್ಯಾಕ್ ದಂಡ ಅಂತಲ್ಲ. ಯಂತ್ರವನ್ನು ಗಂಟೆಗಟ್ಟಲೆ ಪೂರ್ತಿ ಬಿಸಿ ಮಾಡಲು ಅದಕ್ಕಿಂತ ಒಳ್ಳೆಯದಿಲ್ಲ. ಕೊಳ್ಳುವಾಗ ಮಾತ್ರ ಅದೊಂದನ್ನೇ ನೋಡಬಾರದು.

ಒಂದೇ ನೋಡ್: ಮೆಮೊರಿಯಿಂದ ಶುರು ಮಾಡಿ

ಮೆಮೊರಿಯ ವೇಗ ಅಳೆಯಲು ಜಾನ್ ಮೆಕಾಲ್ಪಿನ್ ಬರೆದ ಸ್ಟ್ರೀಮ್ ಪರೀಕ್ಷೆ ಚಿಕ್ಕದು, ಎಲ್ಲರಿಗೂ ಸಿಗುತ್ತದೆ. ಆದರೆ ಇಳಿಸಿಕೊಂಡ ಹಾಗೇ ಓಡಿಸಬೇಡಿ. ಅದರಲ್ಲಿ ಮೊದಲೇ ಇಟ್ಟಿರುವ ಅಳತೆ ಸಾಲಿಗೆ (ಅರೇ) ಒಂದು ಕೋಟಿ ಅಂಕಿ. ಅಂದರೆ ಪ್ರತಿ ಸಾಲಿಗೆ 80 ಮೆಗಾಬೈಟ್, ಮೂರು ಸಾಲು ಸೇರಿ 240. ಮೇಲೆ ಹೇಳಿದ ನೋಡ್‌ನಲ್ಲಿ ಎಲ್3 ಕ್ಯಾಶ್ (ಚಿಪ್ ಒಳಗಿನ ಅತಿವೇಗದ ಮೆಮೊರಿ) ಒಟ್ಟು 512 ಮೆಗಾಬೈಟ್ ಇದೆ. ಪೂರ್ತಿ ಲೆಕ್ಕ ಕ್ಯಾಶ್ ಒಳಗೇ ಕೂತುಬಿಡುತ್ತದೆ. ಮೆಮೊರಿಯ ಮಿತಿಗಿಂತ ಜಾಸ್ತಿ ಅಂಕಿ ಬರುತ್ತದೆ, ಎಲ್ಲರೂ ಖುಷಿಯಾಗುತ್ತಾರೆ. ಪ್ರತಿ ಸಾಲು ಒಟ್ಟು ಕ್ಯಾಶ್‌ನ ನಾಲ್ಕು ಪಟ್ಟಾದರೂ ಇರಬೇಕು ಅನ್ನುವುದು ನಿಯಮ. ಇಲ್ಲಿ ಅದು 2 ಗಿಗಾಬೈಟ್. ಅಷ್ಟು ದೊಡ್ಡದಾದಾಗ ಕಂಪೈಲರ್‌ಗೆ ಮೆಮೊರಿ ಮಾಡೆಲ್ ‘ಮೀಡಿಯಂ’ ಅಂತ ಹೇಳದಿದ್ದರೆ ಲಿಂಕ್ ಆಗುವಾಗ ತಕರಾರು ಮಾಡುತ್ತದೆ. ಥ್ರೆಡ್‌ಗಳನ್ನು (ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಕೋರ್‌ಗಳಿಗೆ ಕಟ್ಟಿಹಾಕಿ ಓಡಿಸಿ. ಇಲ್ಲದಿದ್ದರೆ ಒಂದೊಂದು ಸಲ ಒಂದೊಂದು ಅಂಕಿ ಬರುತ್ತದೆ.

ಬಂದ ಅಂಕಿ 350ರ ಹತ್ತಿರ ಇದೆಯೇ? ಮುಂದೆ ಹೋಗಿ. ಸುಮಾರು ಅರ್ಧ ಇದೆಯೇ? ಹಾಗಾದರೆ ಪೆಟ್ಟಿಗೆ ಬಿಚ್ಚಿ ರ‍್ಯಾಮ್ ಸ್ಟಿಕ್ ಎಣಿಸಿ. ಬಿಚ್ಚಲು ಮನಸ್ಸಿಲ್ಲದಿದ್ದರೆ ಡಿಎಂಐಡಿಕೋಡ್ ಕಮಾಂಡ್ ಯಾವ ಸ್ಲಾಟ್‌ನಲ್ಲಿ ಏನಿದೆ ಅಂತ ಹೇಳುತ್ತದೆ. ದರಪಟ್ಟಿಯಲ್ಲಿ ‘256 ಜಿಬಿ ರ‍್ಯಾಮ್’ ಅಂತ ಮಾತ್ರ ಇರುತ್ತದೆ. 16 ಜಿಬಿಯ ಹದಿನಾರು ಸ್ಟಿಕ್ ಹಾಕಿದರೂ 256, 32 ಜಿಬಿಯ ಎಂಟು ಸ್ಟಿಕ್ ಹಾಕಿದರೂ 256. ಎರಡನೆಯದರಲ್ಲಿ ಅರ್ಧ ಚಾನೆಲ್ ಖಾಲಿ. ವೇಗವೂ ಅರ್ಧ. ಕೊಟ್ಟವರು ಸುಳ್ಳು ಹೇಳಿಲ್ಲ, ಕೇಳಿದವರು ಸರಿಯಾಗಿ ಕೇಳಿಲ್ಲ. ಟೆಂಡರ್‌ನಲ್ಲಿ ‘ಎಲ್ಲ ಚಾನೆಲ್‌ಗಳೂ ತುಂಬಿರಬೇಕು’ ಅನ್ನುವ ಒಂದು ಸಾಲು ಸೇರಿಸಿದರೆ ಸಾಕು. ನನ್ನ ಕೇಳಿದರೆ ಇಡೀ ಟೆಂಡರ್‌ನಲ್ಲಿ ಅತಿ ಹೆಚ್ಚು ಲಾಭ ತರುವ ಸಾಲು ಅದು.

ಅರ್ಧಕ್ಕೆ ಇಳಿದಿಲ್ಲ, ಆದರೆ ಒಂದೇ ಒಂದು ನೋಡ್ ಮಾತ್ರ ಉಳಿದವುಗಳಿಗಿಂತ ಕಮ್ಮಿ ತೋರಿಸುತ್ತಿದೆ ಅಂದರೆ, ಅಲ್ಲಿ ಒಂದು ಸ್ಟಿಕ್ ಸತ್ತಿರಬಹುದು ಅಥವಾ ಸರಿಯಾಗಿ ಕೂತಿಲ್ಲದೆ ಇರಬಹುದು. ಬಯೋಸ್ ಅದನ್ನು ಸದ್ದಿಲ್ಲದೆ ಬಿಟ್ಟು ಯಂತ್ರ ಎಬ್ಬಿಸಿರುತ್ತದೆ. ಹದಿನಾರರಲ್ಲಿ ಒಂದು ತಾನೇ ಅಂದುಕೊಳ್ಳಬೇಡಿ. ಒಂದು ಕಾಣೆಯಾದರೆ ಚಾನೆಲ್‌ಗಳ ನಡುವೆ ಸಮನಾಗಿ ಹಂಚುವ ಏರ್ಪಾಡೇ ಕೆಡುತ್ತದೆ, ವೇಗ ಅದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ. ಫ್ರೀ ಕಮಾಂಡ್‌ನಲ್ಲಿ ಒಟ್ಟು ಮೆಮೊರಿ ಎಷ್ಟು ಅಂತ ಎಲ್ಲ ನೋಡ್‌ಗಳಲ್ಲೂ ನೋಡಿದರೆ ಸತ್ತ ಸ್ಟಿಕ್ ತಕ್ಷಣ ಸಿಗುತ್ತದೆ.

ಇಸಿಸಿ, ಅಂದರೆ ಮೆಮೊರಿಯಲ್ಲಿ ಉಲ್ಟಾ ಆದ ಬಿಟ್ ಅನ್ನು ತಾನೇ ತಿದ್ದುವ ಏರ್ಪಾಡು, ಅದರ ಬಗ್ಗೆ ಇಲ್ಲೇ ಒಂದು ಮಾತು. ದುಡ್ಡು ಉಳಿಸಲು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಕ್ಲಸ್ಟರ್ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ 2003ರಲ್ಲಿ ಆಪಲ್‌ನ 1,100 ಪವರ್ ಮ್ಯಾಕ್ ಜಿ5 ಡೆಸ್ಕ್‌ಟಾಪ್ ಪೆಟ್ಟಿಗೆಗಳನ್ನು ಜೋಡಿಸಿ ಸಿಸ್ಟಮ್ ಎಕ್ಸ್ ಕಟ್ಟಿತು. ಟಾಪ್500 ಪಟ್ಟಿಯಲ್ಲಿ ಮೂರನೆಯ ಸ್ಥಾನವೂ ಬಂತು. ಆದರೆ ಆ ಯಂತ್ರಗಳ ಮೆಮೊರಿಗೆ ಇಸಿಸಿ ಇರಲಿಲ್ಲ. ಮುಂದಿನ ವರ್ಷವೇ ಅವನ್ನೆಲ್ಲ ತೆಗೆದು ಇಸಿಸಿ ಇರುವ ಎಕ್ಸ್‌ಸರ್ವ್ ಸರ್ವರ್‌ಗಳನ್ನು ಹಾಕಿದರು. ಗಂಟೆಗಟ್ಟಲೆ ಓಡುವ ಲೆಕ್ಕದಲ್ಲಿ ಒಂದು ಬಿಟ್ ಉಲ್ಟಾ ಆದರೆ ಎಷ್ಟೋ ಸಲ ಕ್ರ್ಯಾಶ್ ಆಗುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಅದು ನಿಧಾನಕ್ಕಿಂತ ಕೆಟ್ಟ ದೋಷ. ಲಿನ್‌ಪ್ಯಾಕ್ ಕೊನೆಯಲ್ಲಿ ಉತ್ತರವನ್ನು ತಾಳೆ ನೋಡಿ ಪಾಸೋ ಫೇಲೋ ಅಂತ ಹೇಳುತ್ತದಲ್ಲ, ಆ ಸಾಲನ್ನು ವೇಗದ ಅಂಕಿಗಿಂತ ಮೊದಲು ಓದಿ. ಫೇಲ್ ಅಂತ ಬಂದರೆ ಆ ನೋಡ್ ತಕ್ಷಣ ಹೊರಗೆ. ಇಸಿಸಿ ಇದ್ದರೂ ಅದು ತಿದ್ದಿದ ತಪ್ಪುಗಳ ಎಣಿಕೆ ಕರ್ನಲ್ ಲಾಗ್‌ನಲ್ಲಿ ಇರುತ್ತದೆ. ಒಂದೇ ಸ್ಟಿಕ್‌ನ ಹೆಸರು ಮತ್ತೆ ಮತ್ತೆ ಬಂದರೆ ಅದು ಸಾಯುವ ಮುಂಚೆಯೇ ಬದಲಿಸಿ.

ಒಂದೇ ನೋಡ್: ಬಿಸಿ ಮತ್ತು ಕರೆಂಟು

ಈಗ ಲಿನ್‌ಪ್ಯಾಕ್ ಓಡಿಸಿ. ಮೆಮೊರಿಯ ಐದನೇ ನಾಲ್ಕು ಭಾಗ ತುಂಬುವ ಹಾಗೆ ಅಳತೆ ಇರಲಿ. 256 ಜಿಬಿಗೆ ಎನ್ (ಬಿಡಿಸುವ ಸಮೀಕರಣಗಳ ಸಂಖ್ಯೆ) ಬೆಲೆ ಸುಮಾರು 1,60,000. ಐದು ನಿಮಿಷಕ್ಕೆ ಮುಗಿಯುವ ಚಿಕ್ಕ ಪರೀಕ್ಷೆ ಬೇಡ. ಬಿಸಿಯ ದೋಷ ಕಾಣುವುದು ಹೊತ್ತಾದ ಮೇಲೆ.

ಓಡುತ್ತಿರುವಾಗ ಟರ್ಬೋಸ್ಟಾಟ್‌ನಲ್ಲಿ ಕೋರ್‌ಗಳ ನಿಜವಾದ ವೇಗ ನೋಡುತ್ತಾ ಇರಿ. ಶುರುವಿನಲ್ಲಿ ಚೆನ್ನಾಗಿದ್ದು ನಿಧಾನವಾಗಿ ಇಳಿದರೆ ಬಿಸಿ. ಫ್ಯಾನ್ ನಿಂತಿದೆಯೋ, ರ‍್ಯಾಕ್‌ನ ಖಾಲಿ ಜಾಗಗಳಿಗೆ ಮುಚ್ಚಳ ಇಲ್ಲದೆ ಬಿಸಿಗಾಳಿ ಮುಂದಕ್ಕೆ ತಿರುಗಿ ಬರುತ್ತಿದೆಯೋ ನೋಡಿ. ರ‍್ಯಾಕ್‌ನ ಮೇಲಿನ ನೋಡ್‌ಗಳು ಮಾತ್ರ ನಿಧಾನ ಅಂದರೆ ಹೆಚ್ಚಾಗಿ ಅದೇ ಕಾರಣ. ರಾತ್ರಿ ಮಾತ್ರ ನಿಧಾನ ಅಂದರೆ ವಾಚ್‌ಮನ್ ಹತ್ತಿರ ವಿಚಾರಿಸಿ. ಕೊಠಡಿಯಲ್ಲಿ ಯಾರೂ ಇಲ್ಲ ಅಂತ ಎಸಿ ಆಫ್ ಮಾಡಿ ಹೋಗುವ ಅಭ್ಯಾಸ ನಮ್ಮ ಕಡೆ ಇದೆ ಅಲ್ವಾ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಹೀಗಾದರೆ ನೋಡ್‌ಗಳು ನಿಧಾನವಾಗುವುದಲ್ಲ, ತಾವೇ ಆಫ್ ಆಗುತ್ತವೆ.

ಶುರುವಿನಿಂದಲೇ ವೇಗ ಕಮ್ಮಿ ಇದ್ದರೆ ಬಿಸಿ ಅಲ್ಲ, ಸೆಟ್ಟಿಂಗ್. ಲಿನಕ್ಸ್‌ನಲ್ಲಿ ಗವರ್ನರ್ (ಚಿಪ್‌ನ ವೇಗ ನಿರ್ಧರಿಸುವ ಸೆಟ್ಟಿಂಗ್) ‘ಪವರ್‌ಸೇವ್’ ಅಂತ ಇದೆಯೇ ನೋಡಿ. ಬಯೋಸ್‌ನಲ್ಲಿ ವಿದ್ಯುತ್ ಉಳಿಸುವ ಪ್ರೊಫೈಲ್ ಹಾಕಿರಬಹುದು. ನೋಡ್‌ನ ಎರಡು ಪವರ್ ಸಪ್ಲೈಗಳಲ್ಲಿ ಒಂದು ಕೆಟ್ಟಿದ್ದರೆ ಕೆಲವು ಸರ್ವರ್‌ಗಳು ಚಿಪ್‌ನ ವೇಗವನ್ನೇ ಇಳಿಸಿಬಿಡುತ್ತವೆ. ಇದು ಆಪರೇಟಿಂಗ್ ಸಿಸ್ಟಮ್‌ನಿಂದ ಕಾಣುವುದಿಲ್ಲ. ಸರ್ವರ್‌ನ ನಿಗಾ ಚಿಪ್ ಜೊತೆ ಮಾತಾಡುವ ಐಪಿಎಂಐಟೂಲ್‌ನಲ್ಲಿ ಘಟನೆಗಳ ಪಟ್ಟಿ ತೆಗೆದರೆ ಅಲ್ಲಿ ಬರೆದಿರುತ್ತದೆ. ಆ ಪಟ್ಟಿಯನ್ನು ಯಾರೂ ಓದುವುದಿಲ್ಲ. ನೀವು ಓದಿ.

ಕೋರ್‌ಗಳ ಮೇಲೆ ನೂಕುನುಗ್ಗಲು

ಹಾರ್ಡ್‌ವೇರ್ ಸರಿ ಇದೆ, ಸ್ಟ್ರೀಮ್ ಸರಿ ಇದೆ, ಆದರೂ ನಿಮ್ಮ ಸಾಫ್ಟ್‌ವೇರ್ ಮಾತ್ರ ತೆವಳುತ್ತಿದೆ. ಈ ಹಂತದಲ್ಲಿ ಸಿಗುವ ದೋಷಗಳೇ ಎಲ್ಲಕ್ಕಿಂತ ಜಾಸ್ತಿ. ಇವುಗಳಿಗೆ ದುಡ್ಡು ಖರ್ಚಿಲ್ಲ, ಜಾಬ್ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬದಲಿಸಿದರೆ ಆಯಿತು.

ಮೊದಲನೆಯದು ಥ್ರೆಡ್. ಓಪನ್‌ಬ್ಲಾಸ್, ಎಂಕೆಎಲ್ ತರಹದ ಗಣಿತದ ಲೈಬ್ರರಿಗಳು ಏನೂ ಹೇಳದಿದ್ದರೆ ಕಂಡಷ್ಟು ಕೋರ್‌ಗಳಿಗೂ ಒಂದೊಂದು ಥ್ರೆಡ್ ಹುಟ್ಟಿಸುತ್ತವೆ. ನೀವು 128 ಎಂಪಿಐ ಪ್ರೋಸೆಸ್ ಓಡಿಸಿದ್ದೀರಿ (ಒಂದೇ ಲೆಕ್ಕದ ಪ್ರೋಸೆಸ್‌ಗಳು ಪರಸ್ಪರ ಸಂದೇಶ ಕಳಿಸಲು ಬಳಸುವುದೇ ಎಂಪಿಐ). ಒಂದೊಂದೂ 128 ಥ್ರೆಡ್ ಹುಟ್ಟಿಸಿದರೆ 16,384 ಥ್ರೆಡ್‌ಗಳು 128 ಕೋರ್‌ಗಳಿಗೆ ಕಿತ್ತಾಡುತ್ತವೆ. ಟಾಪ್ ಕಮಾಂಡ್‌ನಲ್ಲಿ ನೋಡಿದರೆ ಯಂತ್ರ ನೂರಕ್ಕೆ ನೂರು ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ. ಲೋಡ್ ಆವರೇಜ್ (ಓಡುತ್ತಿರುವ, ಸರದಿಗೆ ಕಾಯುತ್ತಿರುವ ಕೆಲಸಗಳ ಸರಾಸರಿ) ನೋಡಿ, ಸಾವಿರದ ಮೇಲೆ ಇದ್ದರೆ ಇದೇ ಕಾಯಿಲೆ. ಓಎಂಪಿ ನಮ್ ಥ್ರೆಡ್ಸ್ ವೇರಿಯಬಲ್‌ಗೆ 1 ಕೊಟ್ಟು ಮತ್ತೆ ಓಡಿಸಿ.

ಎರಡನೆಯದು ಕೋರ್‌ಗೆ ಕಟ್ಟುವುದು. ಪ್ರೋಸೆಸ್‌ಗಳು ಒಂದು ಚಿಪ್‌ನಿಂದ ಇನ್ನೊಂದಕ್ಕೆ ಅಲೆದರೆ ಅವುಗಳ ಡೇಟಾ ಹಳೆಯ ಕಡೆಯೇ ಉಳಿಯುತ್ತದೆ, ಪ್ರತಿ ಸಲ ದೂರದ ಮೆಮೊರಿಗೆ ಹೋಗಬೇಕು. ಓಪನ್‌ಎಂಪಿಐನಲ್ಲಿ ‘ರಿಪೋರ್ಟ್ ಬೈಂಡಿಂಗ್ಸ್’ ಆಯ್ಕೆ ಕೊಟ್ಟರೆ ಯಾವ ಪ್ರೋಸೆಸ್ ಎಲ್ಲಿ ಕೂತಿದೆ ಅಂತ ಪಟ್ಟಿ ಕೊಡುತ್ತದೆ.

ಕಟ್ಟುವುದರಿಂದಲೂ ಒಂದು ತಮಾಷೆ ಆಗುತ್ತದೆ. ಒಂದೇ ನೋಡ್‌ನಲ್ಲಿ ಇಬ್ಬರು 32-32 ಕೋರ್‌ನ ಜಾಬ್ ಹಾಕಿದ್ದಾರೆ ಅನ್ನಿ. ಜಾಬ್‌ಗಳಿಗೆ ಜಾಗ ಹಂಚುವ ಶೆಡ್ಯೂಲರ್ ಅವುಗಳಿಗೆ ಬೇರೆ ಬೇರೆ ಕೋರ್ ಕಟ್ಟುನಿಟ್ಟಾಗಿ ಹಂಚಿಕೊಡದಿದ್ದರೆ, ಎರಡೂ ಎಂಪಿಐ ಸೊನ್ನೆಯಿಂದ ಎಣಿಸುತ್ತಾ ಹೋಗುತ್ತವೆ. ಇಬ್ಬರೂ ಅದೇ 32 ಕೋರ್‌ಗಳ ಮೇಲೆ ಕೂರುತ್ತಾರೆ. ಉಳಿದ 96 ಖಾಲಿ. ಒಬ್ಬರೇ ಓಡಿಸಿದಾಗ ಚೆನ್ನಾಗಿ, ಇಬ್ಬರಾದಾಗ ಸರಿಯಾಗಿ ಅರ್ಧ ವೇಗ, ಇದು ಅದರ ಗುರುತು. ಸ್ಲರ್ಮ್ ಅನ್ನುವ ಶೆಡ್ಯೂಲರ್‌ನಲ್ಲಿ ಸಿಗ್ರೂಪ್ (ಲಿನಕ್ಸ್‌ನಲ್ಲಿ ಮಿತಿ ಹಾಕುವ ಏರ್ಪಾಡು) ಮೂಲಕ ಕೋರ್ ಮಿತಿ ಹಾಕುವುದು ಸರಿಯಾದ ಪರಿಹಾರ. ಅಲ್ಲಿಯ ತನಕ ಎಕ್ಸ್‌ಕ್ಲೂಸಿವ್ ಆಯ್ಕೆಯಲ್ಲಿ ನೋಡ್ ಪೂರ್ತಿ ತೆಗೆದುಕೊಳ್ಳಿ.

ಹಳೆಯ ಜಾಬ್‌ನ ಅನಾಥ ಪ್ರೋಸೆಸ್‌ಗಳೂ ಇರುತ್ತವೆ. ಜಾಬ್ ಸತ್ತರೂ ಅದರ ಎರಡು ಮೂರು ಪ್ರೋಸೆಸ್ ಯಾವುದೋ ನೋಡ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಜಾಬ್ ಇಲ್ಲದ ನೋಡ್‌ಗೆ ಹೋಗಿ ಟಾಪ್ ನೋಡಿದರೆ ಸಿಕ್ಕಿಬೀಳುತ್ತವೆ.

ಇನ್ನೊಂದು ಬಲೆ ಕಂಟೇನರ್ (ಸಾಫ್ಟ್‌ವೇರ್, ಅದರ ಲೈಬ್ರರಿಗಳನ್ನು ಒಟ್ಟಿಗೆ ಕಟ್ಟಿದ ಪೊಟ್ಟಣ) ಬಳಸುವವರಿಗೆ. ಹೊರಗಿನ ಎಂಪಿಐ ಒಂದು ತಳಿ, ಒಳಗಿನದು ಇನ್ನೊಂದು. ಎರಡಕ್ಕೂ ಪರಿಚಯವೇ ಇಲ್ಲ. 64 ಪ್ರೋಸೆಸ್ ಹುಟ್ಟುತ್ತವೆ, ಆದರೆ ಪ್ರತಿಯೊಂದೂ ತಾನೊಬ್ಬನೇ ಅಂದುಕೊಂಡು ಇಡೀ ಲೆಕ್ಕವನ್ನು ಒಂಟಿಯಾಗಿ ಮಾಡುತ್ತದೆ. ಔಟ್‌ಪುಟ್‌ನಲ್ಲಿ ಒಂದೇ ಸಾಲು 64 ಸಲ ಬಂದರೆ, ‘ಒಟ್ಟು ಪ್ರೋಸೆಸ್: 1’ ಅಂತ ಕಂಡರೆ, ಮುಂದೆ ಏನೂ ಹುಡುಕಬೇಡಿ.

ಎರಡು ನೋಡ್: ತಂತಿಯ ವಿಚಾರ

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರ ಓಎಸ್‌ಯು ಪರೀಕ್ಷೆಗಳು ಇಲ್ಲಿ ಬೇಕು. ಎರಡೇ ನೋಡ್, ಪ್ರತಿಯೊಂದರಲ್ಲಿ ಒಂದೇ ಪ್ರೋಸೆಸ್. ಎರಡು ಅಂಕಿ ಅಳೆಯಿರಿ. ಒಂದು, ಚಿಕ್ಕ ಸಂದೇಶ ಆ ಕಡೆ ಮುಟ್ಟಲು ಹಿಡಿಯುವ ಹೊತ್ತು. ಇನ್ನೊಂದು, ದೊಡ್ಡ ಸಂದೇಶ ಸಾಗುವ ವೇಗ.

ಬರಬೇಕಾದದ್ದು ಎಷ್ಟು? ಗಿಗಾಬಿಟ್ ಈಥರ್ನೆಟ್‌ನಲ್ಲಿ ಹೊತ್ತು 25ರಿಂದ 50 ಮೈಕ್ರೊಸೆಕೆಂಡ್, ವೇಗ ಸೆಕೆಂಡಿಗೆ 115 ಮೆಗಾಬೈಟ್ ಆಸುಪಾಸು. ನೂರು ಗಿಗಾಬಿಟ್‌ನ ಇನ್ಫಿನಿಬ್ಯಾಂಡ್‌ನಲ್ಲಿ (ಕ್ಲಸ್ಟರ್‌ಗಳಲ್ಲಿ ಬಳಸುವ ಅತಿವೇಗದ ನೆಟ್‌ವರ್ಕ್) ಹೊತ್ತು ಒಂದರಿಂದ ಎರಡು ಮೈಕ್ರೊಸೆಕೆಂಡ್, ವೇಗ 12 ಗಿಗಾಬೈಟ್ ಹತ್ತಿರ.

ಇನ್ಫಿನಿಬ್ಯಾಂಡ್ ಇದೆ, ಆದರೂ 20 ಮೈಕ್ರೊಸೆಕೆಂಡ್ ಬರುತ್ತಿದೆ ಅಂದರೆ ನಿಮ್ಮ ಎಂಪಿಐ ಟಿಸಿಪಿಯಲ್ಲಿ, ಅಂದರೆ ಮಾಮೂಲಿ ನೆಟ್‌ವರ್ಕ್‌ನ ನಿಧಾನದ ದಾರಿಯಲ್ಲಿ, ಹೋಗುತ್ತಿದೆ. ಲಕ್ಷಗಟ್ಟಲೆ ಕೊಟ್ಟು ತಂದ ಕಾರ್ಡ್ ಪಕ್ಕದಲ್ಲಿ ದೀಪ ಮಿನುಗಿಸುತ್ತಾ ಕೂತಿದೆ. ಎಂಪಿಐ ಕಟ್ಟುವಾಗ ಯುಸಿಎಕ್ಸ್ (ಇನ್ಫಿನಿಬ್ಯಾಂಡ್ ಬಳಸಲು ಬೇಕಾದ ಲೈಬ್ರರಿ) ಸಿಗದಿದ್ದರೆ ಅದು ಹಟ ಮಾಡುವುದಿಲ್ಲ, ಸಿಕ್ಕಿದ ದಾರಿಯಲ್ಲಿ ಹೋಗುತ್ತದೆ. ಪರೀಕ್ಷಿಸುವ ದಾರಿ ಸುಲಭ: ಟಿಸಿಪಿ ಬಳಸಬೇಡ ಅಂತ ಆಯ್ಕೆ ಕೊಟ್ಟು ಓಡಿಸಿ. ಜಾಬ್ ಶುರುವೇ ಆಗದೆ ಬಿದ್ದರೆ ಕಳ್ಳ ಸಿಕ್ಕ ಹಾಗೆ.

ಅದಕ್ಕೂ ಒಂದು ಉಪಕಾರಣ ಇದೆ. ಇನ್ಫಿನಿಬ್ಯಾಂಡ್‌ಗೆ ಮೆಮೊರಿಯನ್ನು ಬೀಗ ಹಾಕಿ ಇಟ್ಟುಕೊಳ್ಳುವ ಅನುಮತಿ ಬೇಕು. ಹಳೆಯ ಲಿನಕ್ಸ್‌ಗಳಲ್ಲಿ ಆ ಮಿತಿ ಬರೀ 64 ಕಿಲೋಬೈಟ್. ನೀವು ಎಸ್‌ಎಸ್‌ಎಚ್‌ನಲ್ಲಿ ಹೋಗಿ ಯುಲಿಮಿಟ್ ನೋಡಿದರೆ ‘ಅನ್‌ಲಿಮಿಟೆಡ್’ ಅಂತ ತೋರಿಸುತ್ತದೆ. ಜಾಬ್ ಒಳಗೆ ಅದೇ ಕಮಾಂಡ್ ಹಾಕಿದರೆ ಬೇರೆ ಅಂಕಿ. ಕಾರಣ, ಸ್ಲರ್ಮ್‌ನ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಲಿನಕ್ಸ್‌ನ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಿಂದ ಹುಟ್ಟುತ್ತದೆ, ಅದರ ಮಿತಿಯೇ ಬೇರೆ. ಆದ್ದರಿಂದ ಏನೇ ಪರೀಕ್ಷಿಸಿದರೂ ಜಾಬ್ ಒಳಗಿನಿಂದಲೇ ಪರೀಕ್ಷಿಸಿ.

ಹೊತ್ತು ಸರಿ ಇದೆ, ವೇಗ ಮಾತ್ರ ಅರ್ಧ ಅಂದರೆ ಸ್ಲಾಟ್ ನೋಡಿ. ಕಾರ್ಡ್ ಹದಿನಾರು ಲೇನ್ ಕೇಳುತ್ತಿದೆ, ಸ್ಲಾಟ್ ಎಂಟೇ ಕೊಡುತ್ತಿದೆ. ಅಥವಾ 200 ಗಿಗಾಬಿಟ್‌ನ ಕಾರ್ಡನ್ನು ಮೂರನೇ ತಲೆಮಾರಿನ ಪಿಸಿಐ ಸ್ಲಾಟ್‌ಗೆ ಹಾಕಿದ್ದಾರೆ. ಎಲ್‌ಎಸ್‌ಪಿಸಿಐ ವಿವರವಾಗಿ ಕೇಳಿದರೆ ‘ಡೌನ್‌ಗ್ರೇಡೆಡ್’ ಅನ್ನುವ ಪದ ಕಾಣುತ್ತದೆ. ವೇಗ ಕಾಲು ಭಾಗಕ್ಕೆ ಇಳಿದಿದ್ದರೆ ಕೇಬಲ್ ಅನುಮಾನಿಸಿ. ನಾಲ್ಕು ಲೇನ್‌ಗಳಲ್ಲಿ ಒಂದೇ ಎದ್ದಿರಬಹುದು. ಐಬಿಸ್ಟಾಟ್ ನಿಜವಾದ ರೇಟ್ ಹೇಳುತ್ತದೆ. ಕೇಬಲ್ ಬಿಚ್ಚಿ ಮತ್ತೆ ಒತ್ತಿ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಬರೀ ಈಥರ್ನೆಟ್ ಇದ್ದವರು ಐಪರ್ಫ್ ಓಡಿಸಿ. ಗಿಗಾಬಿಟ್‌ನಲ್ಲಿ 940 ಮೆಗಾಬಿಟ್ ಬಂದರೆ ಒಳ್ಳೆಯದು. 94 ಬಂದರೆ ಕೇಬಲ್‌ನ ಒಂದು ಜೋಡಿ ತಂತಿ ತುಂಡಾಗಿದೆ. ಗಿಗಾಬಿಟ್‌ಗೆ ಬೇಕಾದ ನಾಲ್ಕೂ ಜೋಡಿ ಸಿಗದೆ, ಎರಡೇ ಜೋಡಿ ಸಾಕಾಗುವ ನೂರು ಮೆಗಾಬಿಟ್‌ಗೆ ಲಿಂಕ್ ಇಳಿದಿದೆ. ಎಥ್‌ಟೂಲ್ ಒಂದೇ ಸಾಲಿನಲ್ಲಿ ಹೇಳುತ್ತದೆ. ಪಿಂಗ್ ಚೆನ್ನಾಗಿದೆ, ದೊಡ್ಡ ಫೈಲ್ ಕಳಿಸಿದರೆ ಸಿಕ್ಕಿಹಾಕಿಕೊಳ್ಳುತ್ತದೆ ಅಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಬೈಟ್) ತಾಳೆ ಇಲ್ಲ: ನೋಡ್‌ಗಳಲ್ಲಿ 9000, ಸ್ವಿಚ್‌ನಲ್ಲಿ 1500. ತುಂಡು ಮಾಡಬಾರದು ಅನ್ನುವ ಆಯ್ಕೆ ಹಾಕಿ 8,972 ಬೈಟ್‌ನ ಪಿಂಗ್ ಕಳಿಸಿ ನೋಡಿ.

ಗಿಗಾಬಿಟ್ ಸಾಕೇ, ಇನ್ಫಿನಿಬ್ಯಾಂಡ್ ಬೇಕೇ ಅನ್ನುವ ಪ್ರಶ್ನೆಗೂ ಇಲ್ಲೇ ಲೆಕ್ಕ ಹಾಕಬಹುದು. ಒತ್ತಡದ ಸಮೀಕರಣ ಬಿಡಿಸುವಾಗ ಪ್ರತಿ ಸುತ್ತಿಗೂ ಎಲ್ಲ ನೋಡ್‌ಗಳ ಅಂಕಿ ಕೂಡಿಸಬೇಕು, ಕನಿಷ್ಠ ಎರಡು ಸಲ. ಎರಡೆರಡಾಗಿ ಕೂಡಿಸುತ್ತಾ ಹೋದರೆ ಹದಿನಾರು ನೋಡ್‌ಗೆ ನಾಲ್ಕು ಮೆಟ್ಟಿಲು. ಒಂದು ಟೈಮ್‌ಸ್ಟೆಪ್‌ಗೆ (ಹರಿವನ್ನು ಕಾಲದಲ್ಲಿ ಒಂದು ಹೆಜ್ಜೆ ಮುಂದೊಯ್ಯುವ ಲೆಕ್ಕ) 200 ಸುತ್ತು ಅಂದರೆ 400 ಕೂಡಿಕೆ. ಮೆಟ್ಟಿಲಿಗೆ 50 ಮೈಕ್ರೊಸೆಕೆಂಡ್ ಆದರೆ ಒಟ್ಟು 80 ಮಿಲಿಸೆಕೆಂಡ್ ಬರೀ ಕಾಯುವುದಕ್ಕೆ. ಒಂದೂವರೆ ಆದರೆ 2.4. ನಿಮ್ಮ ಒಂದು ಟೈಮ್‌ಸ್ಟೆಪ್ ಹತ್ತು ಸೆಕೆಂಡ್ ಹಿಡಿಯುತ್ತದೆ ಅಂದರೆ ಎರಡೂ ಒಂದೇ, ಸುಮ್ನೆ ದುಡ್ಡು ಹಾಕಬೇಡಿ. ಒಂದು ಟೈಮ್‌ಸ್ಟೆಪ್‌ನ ಬರೀ ಲೆಕ್ಕಕ್ಕೆ 100 ಮಿಲಿಸೆಕೆಂಡ್ ಅಂದರೆ ಗಿಗಾಬಿಟ್‌ನಲ್ಲಿ ನಿಮ್ಮ ಕ್ಲಸ್ಟರ್ ಹೆಚ್ಚುಕಮ್ಮಿ ಅರ್ಧ ಹೊತ್ತು ಖಾಲಿ ಕೂತಿರುತ್ತದೆ.

ಎಲ್ಲ ನೋಡ್: ಹಿಂದೆ ಬಿದ್ದವರು ಯಾರು

ಹಬ್ಬದ ಊಟದ ಪಂಕ್ತಿಯಲ್ಲಿ ಕೊನೆಯವರು ಎಲೆ ಮಡಿಸುವ ತನಕ ಯಾರೂ ಏಳುವ ಹಾಗಿಲ್ಲ. ಮೇಲೆ ಹೇಳಿದ ಕೂಡಿಕೆಯೂ ಹಾಗೇ. ಹದಿನೈದು ನೋಡ್ ಸರಿಯಿದ್ದು ಒಂದು ನಿಧಾನ ಅಂದರೆ ಹದಿನಾರೂ ನಿಧಾನ. ಅದಕ್ಕೇ ಒಂದು ನೋಡ್‌ನ ಪರೀಕ್ಷೆಯನ್ನು ಎಲ್ಲ ನೋಡ್‌ಗಳಲ್ಲೂ ಒಟ್ಟಿಗೆ ಓಡಿಸಿ, ಅಂಕಿಗಳನ್ನು ಸಾಲಾಗಿ ಜೋಡಿಸಿ. ಮಧ್ಯದ ಅಂಕಿಗಿಂತ ನೂರಕ್ಕೆ ಐದು ಕಮ್ಮಿ ಇರುವವನ್ನು ಬದಿಗಿಟ್ಟು ಹಿಂದಿನ ಹಂತಗಳನ್ನು ಮತ್ತೆ ಮಾಡಿ. ಒಟ್ಟಿಗೆ ಓಡಿಸುವುದು ಮುಖ್ಯ. ಒಂದೊಂದಾಗಿ ಓಡಿಸಿದರೆ ಕೊಠಡಿ ತಣ್ಣಗಿರುತ್ತದೆ, ಯುಪಿಎಸ್ ಮೇಲೆ ಭಾರ ಇರುವುದಿಲ್ಲ, ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ಆಮೇಲೆ ಜೋಡಿ ಜೋಡಿಯಾಗಿ ನೆಟ್‌ವರ್ಕ್ ಪರೀಕ್ಷೆ. ಹದಿನಾರು ನೋಡ್‌ಗೆ 120 ಜೋಡಿ ಆಗುತ್ತವೆ, ಒಂದು ಚಿಕ್ಕ ಸ್ಕ್ರಿಪ್ಟ್ ಸಾಕು. ಒಂದೇ ನೋಡ್ ಇರುವ ಎಲ್ಲ ಜೋಡಿಗಳೂ ಕೆಟ್ಟಿದ್ದರೆ ಅದರ ಕೇಬಲ್ ಅಥವಾ ಕಾರ್ಡ್. ಒಂದು ಸ್ವಿಚ್‌ನ ನೋಡ್‌ಗಳು ಇನ್ನೊಂದು ಸ್ವಿಚ್‌ನವರ ಜೊತೆ ಮಾತಾಡುವಾಗ ಮಾತ್ರ ಕೆಟ್ಟಿದ್ದರೆ, ಎರಡು ಸ್ವಿಚ್‌ಗಳ ನಡುವಿನ ದಾರಿ ಕಿರಿದು. ಇದು ಒಂದೊಂದೇ ಜೋಡಿ ಓಡಿಸಿದರೆ ಕಾಣುವುದಿಲ್ಲ. ಎಂಟು ಜೋಡಿಗಳನ್ನು ಏಕಕಾಲಕ್ಕೆ ಓಡಿಸಬೇಕು.

ಎಲ್ಲ ಸರಿ ಇದ್ದೂ ದೊಡ್ಡ ಜಾಬ್ ಮಾತ್ರ ಕುಂಟುತ್ತಿದ್ದರೆ ಆಪರೇಟಿಂಗ್ ಸಿಸ್ಟಮ್‌ನ ಗದ್ದಲ ನೋಡಿ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಎಎಸ್‌ಸಿಐ ಕ್ಯೂ ಯಂತ್ರದಲ್ಲಿ ಹೀಗಾಗಿತ್ತು. ಪ್ರತಿ ನೋಡ್‌ಗೆ ನಾಲ್ಕು ಪ್ರೊಸೆಸರ್. ನಾಲ್ಕನ್ನೂ ಬಳಸುವುದಕ್ಕಿಂತ ಮೂರನ್ನೇ ಬಳಸಿದರೆ ದೊಡ್ಡ ಲೆಕ್ಕ ಬೇಗ ಮುಗಿಯುತ್ತಿತ್ತು. ಹುಡುಕಿದಾಗ ಕಂಡದ್ದು, ಹಿನ್ನೆಲೆಯಲ್ಲಿ ಆಗಾಗ ಎದ್ದು ಮಲಗುವ ಚಿಕ್ಕಪುಟ್ಟ ಸಿಸ್ಟಮ್ ಕೆಲಸಗಳು. ಒಂದು ನೋಡ್‌ನಲ್ಲಿ ಅದರ ಪಾಲು ಗಮನಕ್ಕೇ ಬರುವುದಿಲ್ಲ. ಸಾವಿರಾರು ಪ್ರೊಸೆಸರ್ ಒಬ್ಬರಿಗೊಬ್ಬರು ಕಾಯುವಾಗ ಪ್ರತಿ ಸಲವೂ ಯಾರಾದರೂ ಒಬ್ಬರು ತಡ. 2003ರಲ್ಲಿ ಅದನ್ನು ತೆಗೆದ ಮೇಲೆ ಸೇಜ್ ಅನ್ನುವ ಅವರ ಸಾಫ್ಟ್‌ವೇರ್‌ನ ವೇಗ ದುಪ್ಪಟ್ಟಾಯಿತು. ಹಾರ್ಡ್‌ವೇರ್ ಮುಟ್ಟಲೇ ಇಲ್ಲ. ನಮ್ಮ ಹದಿನಾರು ನೋಡ್‌ನಲ್ಲಿ ಇಷ್ಟು ಜೋರಾಗಿ ಹೊಡೆಯುವುದಿಲ್ಲ. ಆದರೂ ನಿಮಿಷಕ್ಕೊಮ್ಮೆ ಏಳುವ ನಿಗಾ ಪ್ರೋಗ್ರಾಂ, ಫೈಲ್ ಹುಡುಕಿ ಪಟ್ಟಿ ಮಾಡುವ ಕ್ರಾನ್ (ಹೊತ್ತು ಗೊತ್ತುಮಾಡಿದ) ಕೆಲಸ, ಗ್ರಾಫಿಕ್ ಡೆಸ್ಕ್‌ಟಾಪ್, ಇವು ಲೆಕ್ಕ ಮಾಡುವ ನೋಡ್‌ಗಳಲ್ಲಿ ಯಾಕೆ ಬೇಕು? ತೆಗೆದುಹಾಕಿ.

ಡಿಸ್ಕ್

ಇದರ ಪರೀಕ್ಷೆ ಒಂದೇ ಸಾಲಿನದು. ಫೈಲ್ ಬರೆಯುವುದನ್ನು ಪೂರ್ತಿ ನಿಲ್ಲಿಸಿ ಅದೇ ಜಾಬ್ ಓಡಿಸಿ. ಗಣನೀಯವಾಗಿ ಬೇಗ ಮುಗಿದರೆ ದೋಷ ಎನ್‌ಎಫ್‌ಎಸ್ (ಎಲ್ಲ ನೋಡ್‌ಗಳೂ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್) ಕಡೆ ಇದೆ.

ಓಪನ್‌ಫೋಮ್ ಹಳೆಯ ಪದ್ಧತಿಯಲ್ಲಿ ಪ್ರತಿ ಪ್ರೋಸೆಸ್‌ಗೂ ಒಂದು ಫೋಲ್ಡರ್, ಪ್ರತಿ ಅಂಶಕ್ಕೂ (ಒತ್ತಡ, ವೇಗ ಇತ್ಯಾದಿ) ಒಂದು ಫೈಲ್ ಬರೆಯುತ್ತದೆ. ಸಾವಿರ ಪ್ರೋಸೆಸ್, ಹತ್ತು ಅಂಶ, ನೂರು ಸಲ ಬರೆದರೆ ಹತ್ತು ಲಕ್ಷ ಫೈಲ್. ಒಂದು ಎನ್‌ಎಫ್‌ಎಸ್ ಸರ್ವರ್ ಅದರ ಕೆಳಗೆ ಸುಸ್ತಾಗುತ್ತದೆ. ಕೊಲೇಟೆಡ್ ಅನ್ನುವ ಹೊಸ ಪದ್ಧತಿಗೆ ಬದಲಿಸಿ, ಬರೆಯುವ ಸಲಗಳನ್ನೂ ಕಮ್ಮಿ ಮಾಡಿ. ಪೈಥಾನ್ ಬಳಸುವವರಲ್ಲಿ ಜಾಬ್ ಶುರುವಾಗುವುದಕ್ಕೇ ನಿಮಿಷಗಟ್ಟಲೆ ಹಿಡಿದರೆ, ಎಲ್ಲ ಪ್ರೋಸೆಸ್‌ಗಳೂ ಒಟ್ಟಿಗೆ ಸಾವಿರಾರು ಚಿಕ್ಕ ಲೈಬ್ರರಿ ಫೈಲ್‌ಗಳಿಗೆ ಎನ್‌ಎಫ್‌ಎಸ್ ಬಾಗಿಲು ಬಡಿಯುತ್ತಿವೆ ಅಂತ ಅರ್ಥ. ಲೈಬ್ರರಿಗಳನ್ನು ಪ್ರತಿ ನೋಡ್‌ನ ಒಳಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ.

ದೋಷವೇ ಅಲ್ಲದ ನಿಧಾನ

ಇಷ್ಟೆಲ್ಲ ಆದ ಮೇಲೂ ವೇಗ ಏರದಿದ್ದರೆ, ನಿಮ್ಮ ಸಮಸ್ಯೆಯೇ ಚಿಕ್ಕದಿರಬಹುದು. ಹತ್ತು ಲಕ್ಷ ಸೆಲ್‌ನ (ಲೆಕ್ಕಕ್ಕಾಗಿ ಜಾಗವನ್ನು ಕತ್ತರಿಸಿದ ಚಿಕ್ಕ ತುಂಡು) ಘನ ಅಂದರೆ ಪ್ರತಿ ಬದಿಗೆ ನೂರು. ಎಂಟು ಭಾಗ ಮಾಡಿದರೆ ಒಂದೊಂದು ಭಾಗದಲ್ಲಿ 1,25,000 ಸೆಲ್, ಹೊರಮೈಯಲ್ಲಿ ಸುಮಾರು 15,000. ನೂರಕ್ಕೆ ಹನ್ನೆರಡು. ಸಾವಿರ ಭಾಗ ಮಾಡಿದರೆ ಒಂದೊಂದರಲ್ಲಿ ಸಾವಿರ ಸೆಲ್, ಹೊರಮೈಯಲ್ಲಿ 500ರ ಹತ್ತಿರ. ಆಗ ಲೆಕ್ಕಕ್ಕಿಂತ ಪಕ್ಕದವರ ಜೊತೆ ಮಾತೇ ಜಾಸ್ತಿ. ಕೋರ್‌ಗೆ 30 ಸಾವಿರದಿಂದ ಒಂದು ಲಕ್ಷ ಸೆಲ್ ಇರುವ ಹಾಗೆ ನೋಡಿಕೊಳ್ಳುವುದು ಓಪನ್‌ಫೋಮ್ ಬಳಸುವವರಲ್ಲಿ ರೂಢಿ. ಶುರುವಿನಲ್ಲಿ ಹೇಳಿದ ಎಂಟು ನೋಡ್‌ನ ಜಾಬ್ ಹತ್ತು ಲಕ್ಷ ಸೆಲ್‌ನದ್ದಾಗಿದ್ದರೆ, 1,024 ಕೋರ್‌ಗೆ ಹಂಚಿದಾಗ ಕೋರ್‌ಗೆ ಸಾವಿರವೂ ಸಿಗುವುದಿಲ್ಲ. ಅದನ್ನು ಯಾವ ಕೇಬಲ್ ಬದಲಿಸಿದರೂ ಸರಿ ಮಾಡಲು ಆಗುವುದಿಲ್ಲ. ಅಂಥವರು ಒಂದೊಂದು ನೋಡ್‌ನಲ್ಲಿ ಒಂದೊಂದು ಬೇರೆ ಕೇಸ್ ಓಡಿಸುವುದು ಲೇಸು.

ಕೆಲಸದ ನೂರಕ್ಕೆ ಐದು ಭಾಗ ಒಬ್ಬರೇ ಮಾಡಬೇಕಾದದ್ದಿದ್ದರೆ, ಎಷ್ಟೇ ಕೋರ್ ಕೊಟ್ಟರೂ ಇಪ್ಪತ್ತು ಪಟ್ಟಿಗಿಂತ ಹೆಚ್ಚು ವೇಗ ಬರುವುದಿಲ್ಲ. ಜೀನ್ ಆಮ್ದಾಲ್ 1967ರಲ್ಲಿ ಮುಂದಿಟ್ಟ ಲೆಕ್ಕ ಇದು. ಜಾಲರಿ ಓದುವುದು, ಭಾಗ ಮಾಡುವುದು, ಫಲಿತಾಂಶ ಒಟ್ಟು ಮಾಡುವುದು ಒಂದೇ ಕೋರ್‌ನಲ್ಲಿ ನಡೆಯುತ್ತಿದೆಯೇ ಅಂತ ಸಾಫ್ಟ್‌ವೇರ್‌ನ ಲಾಗ್‌ನಲ್ಲಿ ಹೊತ್ತುಗಳನ್ನು ನೋಡಿ.

ದೂರು ಬರೆಯುವುದು

ವಾರಂಟಿ ಇರುವಾಗ ‘ಕ್ಲಸ್ಟರ್ ನಿಧಾನ’ ಅಂತ ಮೇಲ್ ಹಾಕಿದರೆ ಬರುವ ಉತ್ತರ ‘ರೀಬೂಟ್ ಮಾಡಿ ನೋಡಿ’. ಅದರ ಬದಲು ಹೀಗೆ ಬರೆಯಿರಿ: ನೋಡ್ 11ರಲ್ಲಿ ಸ್ಟ್ರೀಮ್‌ನ ಟ್ರಯಾಡ್ ಅಂಕಿ ಸೆಕೆಂಡಿಗೆ 262 ಗಿಗಾಬೈಟ್, ಉಳಿದ ಹದಿನೈದರಲ್ಲಿ 345ರಿಂದ 352. ಫ್ರೀ ಕಮಾಂಡ್‌ನಲ್ಲಿ 16 ಜಿಬಿ ಕಮ್ಮಿ. ಇಂಥ ಸ್ಲಾಟ್ ಖಾಲಿ ಅಂತ ತೋರಿಸುತ್ತಿದೆ. ಜೊತೆಗೆ ಕಂಪೈಲರ್ ಯಾವುದು, ಅಳತೆ ಎಷ್ಟು, ಥ್ರೆಡ್ ಎಷ್ಟು ಅಂತ ಒಂದು ಸಾಲು. ಇದಕ್ಕೆ ರೀಬೂಟ್ ಉತ್ತರ ಬರುವುದಿಲ್ಲ, ಸ್ಟಿಕ್ ಬರುತ್ತದೆ.

ಹೊಸ ಯಂತ್ರ ಸಹಿ ಹಾಕಿ ತೆಗೆದುಕೊಳ್ಳುವ ಮುಂಚೆಯೇ ಈ ಎಲ್ಲ ಅಂಕಿಗಳನ್ನು ಒಂದು ಫೈಲ್‌ನಲ್ಲಿ ಬರೆದಿಡಿ. ಫರ್ಮ್‌ವೇರ್ ಬದಲಾದಾಗ, ಕರ್ನಲ್ ಹೊಸದಾದಾಗ, ಯಾರೋ ರ‍್ಯಾಕ್ ಹಿಂದೆ ಹೋಗಿ ಕೇಬಲ್ ಸರಿಸಿದಾಗ ಅದೇ ಪರೀಕ್ಷೆಗಳನ್ನು ಓಡಿಸಿ ತಾಳೆ ನೋಡಿ. ಹದಿನಾರು ನೋಡ್‌ಗೆ ಇದು ಅರ್ಧ ದಿನದ ಕೆಲಸ. ರಾತ್ರಿ ಜಾಬ್‌ಗೆ ಹಾಕಿಟ್ಟರೆ ಅದೂ ಇಲ್ಲ.